ಇಲ್ಲದ ಎಲೆಯ ಬದಲಿಗೆ ಸಕ್ಕರೆ

ಅಂಗಾಂಶ ಕೃಷಿಯ ಬಾಳೆ ಸಸಿ ರೈತರ ಕೈಗೆ ಬರುವ ಹೊತ್ತಿಗೆ ಕಪ್ಪು ಪಾಲಿಥಿನ್ ಚೀಲದಲ್ಲಿ ಗೇಣುದ್ದ ಬೆಳೆದು ನಾಲ್ಕೈದು ಎಲೆ ಬಿಟ್ಟಿರುತ್ತದೆ. ಅದರ ಹಿಂದಿನ ಅವಸ್ಥೆ ಕಾಣಬೇಕಾದರೆ ಪ್ರಯೋಗಾಲಯದ ಬೆಳವಣಿಗೆ ಕೋಣೆಗೆ ಹೋಗಬೇಕು. ಅಲ್ಲಿ ದೀಪಗಳ ಕೆಳಗೆ ಸಾಲುಸಾಲಾಗಿ ಗಾಜಿನ ಬಾಟಲಿಗಳಿರುತ್ತವೆ. ಒಂದನ್ನು ಎತ್ತಿ ಬೆಳಕಿಗೆ ಹಿಡಿದರೆ ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಹೆಪ್ಪುಗಟ್ಟಿದ ಲೋಳೆ ಕಾಣುತ್ತದೆ. ಓರೆ ಮಾಡಿದರೂ ಜಾರದು, ತಟ್ಟೆಗೆ ಸುರಿದು ಆರಿಸಿದ ಹಾಲುಬಾಯಿಯ ಹದ. ಅದರ ಮೇಲೆ ಒತ್ತೊತ್ತಾಗಿ ಹುಟ್ಟಿಕೊಂಡ ಚಿಗುರುಗಳ ಗುಂಪು. ಬುಡದಲ್ಲಿ ಅಲ್ಲಲ್ಲಿ ಕಪ್ಪು ಕಲೆ, ಕತ್ತರಿಸಿದ ಗಾಯದಿಂದ ಸೋರಿದ ಒಗರು. ಬೇರು ಇನ್ನೂ ಬಂದಿಲ್ಲ.

ನೋಡುವವರ ಕಣ್ಣು ಸಹಜವಾಗಿ ಹಸಿರಿನ ಮೇಲೇ ನಿಲ್ಲುತ್ತದೆ. ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ತಳದ ಆ ಲೋಳೆಯ ವಿಚಾರ. ಅದಕ್ಕೆ ಪೋಷಕ ಮಾಧ್ಯಮ ಎಂದು ಹೆಸರು. ನೀರು, ಹದಿನೈದಿಪ್ಪತ್ತು ಬಗೆಯ ಲವಣ ಮತ್ತು ಜೀವಸತ್ವ, ಸಕ್ಕರೆ, ಕಡಲಪಾಚಿಯಿಂದ ತೆಗೆದ ಅಗರ್, ಕಣ್ಣಿಗೆ ಕಾಣದಷ್ಟು ಹಾರ್ಮೋನು. ಪಟ್ಟಿ ಇಷ್ಟೇ. ಆದರೆ ಇದನ್ನು ಹೊಂದಿಸಲು ವಿಜ್ಞಾನಿಗಳಿಗೆ ಅರವತ್ತು ವರ್ಷ ಹಿಡಿಯಿತು, 1902ರಿಂದ 1962ರವರೆಗೆ. ಗಿಡದ ಒಂದು ತುಣುಕನ್ನು ಕತ್ತರಿಸಿ ಬೇರೆ ಇಟ್ಟೊಡನೆ ಅದಕ್ಕೆ ಎಲೆ ಕಳಿಸುತ್ತಿದ್ದುದು ನಿಂತುಹೋಗುತ್ತದೆ, ಬೇರು ಕಳಿಸುತ್ತಿದ್ದುದು ನಿಂತುಹೋಗುತ್ತದೆ, ತುದಿಚಿಗುರಿನಿಂದ ಬರುತ್ತಿದ್ದ ಸೂಚನೆಗಳೂ ನಿಲ್ಲುತ್ತವೆ. ಅದನ್ನು ಬದುಕಿಸಬೇಕಾದರೆ ಕಳೆದುಹೋದ ಪ್ರತಿಯೊಂದು ಅಂಗದ ಬದಲಿಗೆ ಲೋಳೆಯಲ್ಲಿ ಏನಾದರೊಂದು ಇರಬೇಕು. ಹಾಗಾಗಿ ಮಾಧ್ಯಮದ ಒಂದೊಂದು ಪದಾರ್ಥದ ಹಿಂದೆಯೂ ಒಂದು ಪ್ರಶ್ನೆ ಇದೆ: ಇಡೀ ಗಿಡದಲ್ಲಿ ಇದನ್ನು ಯಾರು ಯಾರಿಗೆ ಕೊಡುತ್ತಿದ್ದರು?

ಪ್ರಶ್ನೆಯನ್ನು ಮೊದಲು ಎತ್ತಿದವನು ಆಸ್ಟ್ರಿಯದ ಸಸ್ಯವಿಜ್ಞಾನಿ ಗಾಟ್ಲೀಬ್ ಹೇಬರ್‌ಲಾಂಟ್. ಎಲೆಯ ಒಂದೇ ಒಂದು ಕೋಶವನ್ನು ಬಿಡಿಸಿ ಪೋಷಕ ದ್ರಾವಣದಲ್ಲಿ ಇಟ್ಟರೆ ಅದು ವಿಭಜಿಸಿ ಮತ್ತೆ ಗಿಡವಾಗಬಲ್ಲದೇ ಎಂದು ಆತ ಪರೀಕ್ಷಿಸಿದ. ದ್ರಾವಣಕ್ಕೇನೂ ಕೊರತೆ ಇರಲಿಲ್ಲ. ಮಣ್ಣಿಲ್ಲದೆ, ಬರೀ ಲವಣ ಕರಗಿಸಿದ ನೀರಿನಲ್ಲಿ ಗಿಡ ಬೆಳೆಸುವುದನ್ನು ಜರ್ಮನಿಯ ಯೂಲಿಯಸ್ ಸಾಕ್ಸ್ ಮತ್ತು ವಿಲ್ಹೆಲ್ಮ್ ಕ್ನಾಪ್ 1860ರ ದಶಕದಲ್ಲೇ ಸಾಧಿಸಿದ್ದರು. ಹೇಬರ್‌ಲಾಂಟ್ ಕ್ನಾಪ್‌ನ ದ್ರಾವಣಕ್ಕೆ ಸಕ್ಕರೆ ಸೇರಿಸಿದ. ಕೋಶಗಳು ವಾರಗಟ್ಟಲೆ ಬದುಕಿದವು, ಗಾತ್ರದಲ್ಲಿ ಹಿಗ್ಗಿದವು, ಒಳಗೆ ಪಿಷ್ಟ ಕೂಡಿಸಿಕೊಂಡವು. ವಿಭಜನೆ ಮಾತ್ರ ಆಗಲಿಲ್ಲ.

1902ರಲ್ಲಿ ಅವನು ಪ್ರಕಟಿಸಿದ ಪ್ರಬಂಧ ಸೋಲಿನ ವರದಿಯೇ ಆದರೂ ಅದರ ಕೊನೆಯ ಭಾಗದಲ್ಲಿರುವ ಊಹೆಗಳು ಇಂದಿಗೂ ಬೆರಗು ಹುಟ್ಟಿಸುತ್ತವೆ. ಕೋಶ ವಿಭಜಿಸಲು ಆಹಾರ ಸಾಲದು, ಬೇರೊಂದು ಪ್ರಚೋದನೆ ಬೇಕು. ಬೆಳೆಯುವ ಚಿಗುರಿನ ಸಾರವನ್ನೋ, ಬೀಜದೊಳಗೆ ಭ್ರೂಣವನ್ನು ಸುತ್ತುವರಿದ ದ್ರವವನ್ನೋ ಬೆರೆಸಿ ನೋಡಬಹುದು ಎಂದು ಅವನು ಸೂಚಿಸಿದ. ಆ ಎರಡನೆಯ ಸೂಚನೆ ಎಷ್ಟು ಸರಿಯಾಗಿತ್ತು ಎಂಬುದು ತಿಳಿಯಲು ಸುಮಾರು ನಲವತ್ತು ವರ್ಷ ಕಾಯಬೇಕಾಯಿತು.

ಸಕ್ಕರೆಯ ವಿಷಯ ಅಷ್ಟು ಕಾಯಿಸಲಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್ 1922ರಲ್ಲಿ ಆರ್ಕಿಡ್ ಬೀಜಗಳನ್ನು ಸಕ್ಕರೆ ಬೆರೆಸಿದ ಮಾಧ್ಯಮದ ಮೇಲೆ ಮೊಳೆಸಿದ. ನಮ್ಮ ಮಲೆನಾಡಿನ ಸೀತಾಳೆದಂಡೆಯೂ ಸೇರಿ ಆರ್ಕಿಡ್‌ಗಳ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿ ಎಂಬುದೇ ಇಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಬಂದು ಉಣಿಸಿದರೆ ಮಾತ್ರ ಮೊಳಕೆ. ಸಕ್ಕರೆ ಕೊಟ್ಟರೆ ಶಿಲೀಂಧ್ರವಿಲ್ಲದೆಯೂ ಆ ಕೆಲಸ ನಡೆಯುತ್ತದೆ ಎಂದು ನಡ್ಸನ್ ತೋರಿಸಿದ. ಬಾಟಲಿಯೊಳಗಿನ ಬಾಳೆ ಚಿಗುರಿಗೂ ಇದೇ ಮಾತು ಸಲ್ಲುತ್ತದೆ. ಅದರ ಎಲೆ ಹಸಿರಾಗಿದೆ ನಿಜ, ಆದರೆ ಮುಚ್ಚಿದ ಬಾಟಲಿಯಲ್ಲಿ ದೀಪ ಹತ್ತಿದ ಸ್ವಲ್ಪ ಹೊತ್ತಿಗೇ ಇಂಗಾಲದ ಡೈಆಕ್ಸೈಡ್ ತೀರಿಹೋಗುತ್ತದೆ. ಬೆಳಕೂ ಮಂದ. ಎಲೆ ತನ್ನ ಅನ್ನ ತಾನು ಬೇಯಿಸಿಕೊಳ್ಳಲಾರದು. ಅದಕ್ಕೇ ಲೀಟರಿಗೆ 30 ಗ್ರಾಂ ಸಕ್ಕರೆ. ಜಪಾನಿನ ಚಿಬಾ ವಿಶ್ವವಿದ್ಯಾಲಯದ ತೊಯೊಕಿ ಕೊಜಾಯ್ ಮತ್ತು ಸಂಗಡಿಗರು ಬಾಟಲಿಗೆ ಇಂಗಾಲದ ಡೈಆಕ್ಸೈಡನ್ನೂ ಹೆಚ್ಚು ಬೆಳಕನ್ನೂ ಒದಗಿಸಿ, ಸಕ್ಕರೆಯಿಲ್ಲದೆಯೇ ಸಸಿ ಬೆಳೆಸಿ ತೋರಿಸಿದ್ದಾರೆ. ಎಲೆಗೆ ಅದರ ಕೆಲಸ ವಾಪಸು ಕೊಟ್ಟರೆ ಬದಲಿ ಪದಾರ್ಥ ಬೇಕಾಗುವುದಿಲ್ಲ.

ಬೇರಿನ ಕಥೆ ಇದಕ್ಕಿಂತ ಗಹನ. ಫಿಲಿಪ್ ವೈಟ್ ಎಂಬ ಅಮೆರಿಕನ್ ವಿಜ್ಞಾನಿ ಪ್ರಿನ್ಸ್‌ಟನ್‌ನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟೊಮೆಟೊ ಬೇರಿನ ತುದಿಗಳನ್ನು ಕತ್ತರಿಸಿ, ಲವಣ, ಸಕ್ಕರೆ ಮತ್ತು ಯೀಸ್ಟ್ ಸಾರ ಬೆರೆಸಿದ ದ್ರವದಲ್ಲಿ ಬೆಳೆಸಿದ. ಬೆಳೆದ ಬೇರಿನ ತುದಿಯನ್ನು ಮತ್ತೆ ಕತ್ತರಿಸಿ ಹೊಸ ದ್ರವಕ್ಕೆ ಹಾಕುವುದು, ಅದು ಬೆಳೆದ ಮೇಲೆ ಮತ್ತೆ ಕತ್ತರಿಸುವುದು. 1934ರಲ್ಲಿ ಅವನು ವರದಿ ಮಾಡಿದ ಈ ಬೇರುಗಳು ಕಾಂಡವಿಲ್ಲದೆ, ಎಲೆಯಿಲ್ಲದೆ ದಶಕಗಳ ಕಾಲ ಬೆಳೆಯುತ್ತಲೇ ಇದ್ದವು. ಯೀಸ್ಟ್ ಸಾರ ತೆಗೆದರೆ ಮಾತ್ರ ಬೆಳವಣಿಗೆ ನಿಲ್ಲುತ್ತಿತ್ತು. ಹಾಗಾದರೆ ಯೀಸ್ಟಿನಲ್ಲಿ ಏನಿದೆ? ಮುಂದಿನ ಕೆಲವೇ ವರ್ಷಗಳಲ್ಲಿ ಉತ್ತರ ಸಿಕ್ಕಿತು: ಥಯಾಮಿನ್, ಅಂದರೆ ಬಿ1 ಜೀವಸತ್ವ. ಜೊತೆಗೆ ಪಿರಿಡಾಕ್ಸಿನ್ ಮತ್ತು ನಿಕೋಟಿನಿಕ್ ಆಮ್ಲ. ಪಾಲಿಶ್ ಮಾಡಿದ ಅಕ್ಕಿ ಉಂಡವರಿಗೆ ಬೆರಿಬೆರಿ ಬರುವುದು ಯಾವ ವಸ್ತುವಿನ ಕೊರತೆಯಿಂದಲೋ ಅದೇ ವಸ್ತು ಟೊಮೆಟೊ ಬೇರಿಗೂ ಬೇಕು. ಬೇರು ಅದನ್ನು ತಾನು ತಯಾರಿಸಿಕೊಳ್ಳುವುದಿಲ್ಲ, ಎಲೆ ತಯಾರಿಸಿ ಕೆಳಕ್ಕೆ ಕಳಿಸುತ್ತದೆ. ಗಿಡ ಜೀವಸತ್ವಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂಬುದು ಇಡೀ ಗಿಡದ ಮಟ್ಟಿಗೆ ಸರಿ. ಗಿಡದೊಳಗೇ ಕೊಡುವವರು, ಪಡೆಯುವವರು ಇದ್ದಾರೆ ಎಂಬುದು ಕತ್ತರಿಸಿದ ಬೇರಿನಿಂದ ಗೊತ್ತಾಯಿತು.

ಹೇಬರ್‌ಲಾಂಟ್ ಕೇಳಿದ ಪ್ರಚೋದನೆಯ ಮೊದಲ ಕಂತೂ ಇದೇ ಕಾಲಕ್ಕೆ ಬಂತು. ಗಿಡದ ತುದಿಯಿಂದ ಕೆಳಗಿಳಿದು ಕೋಶಗಳನ್ನು ಹಿಗ್ಗಿಸುವ ಆಕ್ಸಿನ್ ಎಂಬ ಹಾರ್ಮೋನು ಇದೆ ಎಂದು ಹಾಲೆಂಡಿನ ಫ್ರಿಟ್ಸ್ ವೆಂಟ್ 1920ರ ದಶಕದಲ್ಲಿ ತೋರಿಸಿದ್ದ. 1934ರಲ್ಲಿ ಅದೇ ದೇಶದಲ್ಲಿ ಫ್ರಿಟ್ಸ್ ಕೋಗಲ್‌ನ ತಂಡ ಇಂಡೋಲ್ ಅಸಿಟಿಕ್ ಆಮ್ಲ ಎಂಬ ಆಕ್ಸಿನ್ನನ್ನು ಬೇರ್ಪಡಿಸಿತು, ಅದೂ ಮನುಷ್ಯರ ಮೂತ್ರದಿಂದ. ಆಕ್ಸಿನ್ ಕೈಗೆ ಸಿಕ್ಕ ಮೇಲೆ 1939ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಮೂವರು, ಪ್ಯಾರಿಸ್‌ನ ರೋಜೆ ಗೊತ್ರೆ, ಗ್ರೆನೋಬಲ್‌ನ ಪಿಯರ್ ನೊಬೆಕೂರ್, ಅಮೆರಿಕದ ವೈಟ್, ಗಿಡದ ಅಂಗಾಂಶವನ್ನು ಮಿತಿಯಿಲ್ಲದೆ ಬೆಳೆಸಿದ ವರದಿ ಕೊಟ್ಟರು. ಫ್ರೆಂಚರಿಬ್ಬರದು ಕ್ಯಾರೆಟ್, ವೈಟ್‌ನದು ತಂಬಾಕಿನ ಒಂದು ಮಿಶ್ರತಳಿ. ಆ ತಳಿಗೆ ಹೊರಗಿನ ಆಕ್ಸಿನ್ ಬೇಕಿರಲಿಲ್ಲ, ಅದೇ ಧಾರಾಳವಾಗಿ ತಯಾರಿಸಿಕೊಳ್ಳುತ್ತಿತ್ತು. ಹೀಗೆ ಬೆಳೆದದ್ದು ಬೇರೂ ಅಲ್ಲದ, ಕಾಂಡವೂ ಅಲ್ಲದ ಕೋಶಗಳ ಮುದ್ದೆ. ಅದನ್ನು ಕ್ಯಾಲಸ್ ಎನ್ನುತ್ತಾರೆ.

ಆಮೇಲೆ ಬಂತು ತೆಂಗಿನಕಾಯಿಯ ನೀರು. 1941ರಲ್ಲಿ ವಾನ್ ಓವರ್‌ಬೀಕ್, ಕಾಂಕ್ಲಿನ್ ಮತ್ತು ಬ್ಲೇಕ್ಸ್‌ಲೀ ದತ್ತೂರದ ತೀರಾ ಎಳೆಯ ಭ್ರೂಣಗಳನ್ನು ಬೀಜದಿಂದ ಹೊರತೆಗೆದು ಬೆಳೆಸಲು ಹೆಣಗುತ್ತಿದ್ದರು. ಗೊತ್ತಿದ್ದ ಯಾವ ದ್ರಾವಣದಲ್ಲೂ ಅವು ಬೆಳೆಯಲಿಲ್ಲ. ತೆಂಗಿನ ನೀರು ಬೆರೆಸಿದಾಗ ಬೆಳೆದವು. ಇದನ್ನು ಅದೃಷ್ಟದ ಕಥೆಯಾಗಿ ಹೇಳುವ ರೂಢಿ ಇದೆ, ನನಗೆ ಹಾಗನ್ನಿಸುವುದಿಲ್ಲ. ನಾವು ಕುಡಿಯುವ ಎಳನೀರು ತೆಂಗಿನ ಭ್ರೂಣಕ್ಕೆಂದು ತಾಯಿಮರ ಕೂಡಿಟ್ಟ ದ್ರವರೂಪದ ಆಹಾರ. ಭ್ರೂಣದ ಸುತ್ತಲಿನ ದ್ರವವನ್ನು ಬಳಸಿ ಎಂದು ಹೇಬರ್‌ಲಾಂಟ್ ಹೇಳಿದ್ದನಲ್ಲ, ಅದು ಲೋಟಗಟ್ಟಲೆ ಸಿಗುವ ಸಸ್ಯ ಬೇರಾವುದಿದೆ? ದತ್ತೂರದ ಭ್ರೂಣ ತನ್ನ ತಾಯಿಯಿಂದ ಪಡೆಯಬೇಕಿದ್ದುದನ್ನು ತೆಂಗಿನ ತಾಯಿಯಿಂದ ಪಡೆಯಿತು. ಕಾರ್ನೆಲ್‌ನ ಎಫ್.ಸಿ. ಸ್ಟೀವರ್ಡ್ ಇದೇ ನೀರಿನ ನೆರವಿನಿಂದ ಕ್ಯಾರೆಟ್ಟಿನ ಕೋಶಗಳನ್ನು ಬಿಡಿಬಿಡಿಯಾಗಿ ಬೆಳೆಸಿ, 1958ರಲ್ಲಿ ಅವುಗಳಿಂದ ಭ್ರೂಣದಂಥ ರಚನೆಗಳನ್ನೂ ಗಿಡಗಳನ್ನೂ ಪಡೆದ. ಜರ್ಮನಿಯ ಯಾಕೋಬ್ ರೈನರ್ಟ್ ಅದೇ ವರ್ಷ ಸ್ವತಂತ್ರವಾಗಿ ಅದನ್ನೇ ಕಂಡ.

ಎಳನೀರು ಕೆಲಸ ಮಾಡುತ್ತದೆ ಎಂಬುದು ಒಂದು ಮಾತು, ಏಕೆ ಮಾಡುತ್ತದೆ ಎಂಬುದು ಇನ್ನೊಂದು. ಆ ಎರಡನೆಯ ಪ್ರಶ್ನೆಯನ್ನು ಬೆನ್ನಟ್ಟಿದ್ದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫೋಕ್ ಸ್ಕೂಗ್‌ನ ಪ್ರಯೋಗಾಲಯ. ತಂಬಾಕಿನ ಕಾಂಡದ ನಡುವಿನ ಬೆಂಡನ್ನು ಕತ್ತರಿಸಿ ಆಕ್ಸಿನ್ ಇರುವ ಮಾಧ್ಯಮದ ಮೇಲಿಟ್ಟರೆ ಕೋಶಗಳು ಉಬ್ಬುತ್ತವೆ, ವಿಭಜಿಸುವುದಿಲ್ಲ. ಎಳನೀರು ಹಾಕಿದರೆ ವಿಭಜಿಸುತ್ತವೆ, ಯೀಸ್ಟ್ ಸಾರ ಹಾಕಿದರೂ ವಿಭಜಿಸುತ್ತವೆ. ಯೀಸ್ಟಿನಲ್ಲಿ ಆ ಗುಣವುಳ್ಳ ವಸ್ತು ನ್ಯೂಕ್ಲಿಯಿಕ್ ಆಮ್ಲಗಳ ಬಂಧುವಿನಂತೆ ವರ್ತಿಸುತ್ತಿತ್ತು. ಹಾಗಿದ್ದರೆ ನೇರವಾಗಿ ಡಿಎನ್‌ಎಯನ್ನೇ ಹಾಕಿ ನೋಡೋಣ ಎಂದು ಕಾರ್ಲೋಸ್ ಮಿಲ್ಲರ್, ಕಪಾಟಿನಲ್ಲಿದ್ದ ಹೆರಿಂಗ್ ಮೀನಿನ ವೀರ್ಯದ ಡಿಎನ್‌ಎ ಬಾಟಲಿ ತೆಗೆದ. ತಂಬಾಕಿನ ಕೋಶಗಳು ಹಿಂದೆಂದೂ ಕಾಣದಷ್ಟು ಹುರುಪಿನಿಂದ ವಿಭಜಿಸಿದವು. ಬಾಟಲಿ ಮುಗಿದು ಹೊಸದು ತರಿಸಿದಾಗ ಏನೂ ಆಗಲಿಲ್ಲ. ವಸ್ತು ಒಂದೇ, ಫಲ ಬೇರೆ. ಕೊನೆಗೆ ಗುಟ್ಟು ಹೊರಬಿದ್ದದ್ದು ಇಲ್ಲಿ: ಹಳೆಯ ಡಿಎನ್‌ಎ ಬಾಟಲಿಯಲ್ಲೇ ಮುರಿದು ಬೇರೊಂದು ಅಣುವಾಗಿತ್ತು. ಹೊಸ ಡಿಎನ್‌ಎಯನ್ನು ತುಸು ಆಮ್ಲೀಯ ನೀರಿನಲ್ಲಿ ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಉಗಿಯಲ್ಲಿ ಕಾಯಿಸಿದರೆ ಅದರಲ್ಲೂ ಆ ಅಣು ಹುಟ್ಟುತ್ತಿತ್ತು. 1955ರಲ್ಲಿ ಅದನ್ನು ಶುದ್ಧ ಹರಳಾಗಿ ಪಡೆದು ಕೈನೆಟಿನ್ ಎಂದು ಹೆಸರಿಟ್ಟರು. ಮುಂದೆ ನ್ಯೂಜಿಲೆಂಡಿನ ಡೇವಿಡ್ ಲೆಥಮ್ ಎಳೆ ಜೋಳದ ಕಾಳಿನಿಂದ ಜಿಯಾಟಿನ್ ಎಂಬ ಸಹಜ ಸೈಟೊಕೈನಿನ್, ಅಂದರೆ ಕೈನೆಟಿನ್‌ನಂತೆಯೇ ಕೋಶ ವಿಭಜನೆಯನ್ನು ಪ್ರಚೋದಿಸುವ ಗುಂಪಿನ ಹಾರ್ಮೋನು, ಬೇರ್ಪಡಿಸಿದ. ಎಳನೀರಿನಲ್ಲೂ ಜಿಯಾಟಿನ್‌ನದೇ ಒಂದು ರೂಪ ಸಿಕ್ಕಿತು. ಇಡೀ ಗಿಡದಲ್ಲಿ ಸೈಟೊಕೈನಿನ್‌ಗಳ ಒಂದು ದೊಡ್ಡ ತವರು ಬೇರಿನ ತುದಿ, ಅಲ್ಲಿಂದ ಅವು ನೀರಿನೊಡನೆ ಮೇಲೇರುತ್ತವೆ. ಬೇರಿಲ್ಲದ ಬಾಳೆ ಚಿಗುರಿನ ಮಾಧ್ಯಮಕ್ಕೆ ಸೈಟೊಕೈನಿನ್ ಹಾಕುವುದರ ಅರ್ಥ ಈಗ ಸ್ಪಷ್ಟ.

1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಪ್ರಕಟಿಸಿದ ಪ್ರಯೋಗ ಅಂಗಾಂಶ ಕೃಷಿಗೆ ಕೀಲಿಕೈ ಕೊಟ್ಟಿತು. ಅದೇ ತಂಬಾಕಿನ ಕ್ಯಾಲಸ್, ಅದೇ ಎರಡು ಹಾರ್ಮೋನು. ಆಕ್ಸಿನ್ ಮೇಲುಗೈಯಾದರೆ ಬೇರು ಹೊರಟಿತು, ಕೈನೆಟಿನ್ ಮೇಲುಗೈಯಾದರೆ ಚಿಗುರು ಹೊರಟಿತು, ಎರಡೂ ಸಮತೂಕದಲ್ಲಿದ್ದರೆ ಮುದ್ದೆ ಮುದ್ದೆಯಾಗಿಯೇ ಬೆಳೆಯಿತು. ಗಿಡದಲ್ಲಿ ಆಕ್ಸಿನ್ ಮೇಲಿನಿಂದ ಇಳಿಯುತ್ತದೆ, ಸೈಟೊಕೈನಿನ್ ಕೆಳಗಿನಿಂದ ಏರುತ್ತದೆ. ಆಕ್ಸಿನ್ ಹೆಚ್ಚಿದೆ ಎಂದರೆ ಮೇಲೆ ಚಿಗುರು ಸಾಕಷ್ಟಿದೆ, ಈಗ ಬೇರು ಬೇಕು. ಸೈಟೊಕೈನಿನ್ ಹೆಚ್ಚಿದೆ ಎಂದರೆ ಬೇರು ಸಾಕಷ್ಟಿದೆ, ಚಿಗುರು ಬೇಕು. ಮುದ್ದೆಗೆ ತಾನು ಗಾಜಿನ ಬಾಟಲಿಯಲ್ಲಿರುವುದು ತಿಳಿಯದು. ಇಲ್ಲದ ಗಿಡದಿಂದ ಬಂದ ಸುದ್ದಿ ಎಂದೇ ಅದು ಈ ಪ್ರಮಾಣಗಳನ್ನು ಓದಿಕೊಳ್ಳುತ್ತದೆ.

ಇಡೀ ಇತಿಹಾಸದಲ್ಲಿ ನನಗೆ ಅತಿ ಪ್ರಿಯವಾದ ಘಟ್ಟ ಇನ್ನು ಬರುವುದು. ಹವಾಯಿಯಲ್ಲಿ ಹುಟ್ಟಿದ ತೊಶಿಯೊ ಮುರಾಶಿಗೆ ಸ್ಕೂಗ್‌ನ ಬಳಿ ಸಂಶೋಧನೆಗೆ ಸೇರಿದ. ತಂಬಾಕಿನ ಎಲೆಯ ಸಾರವನ್ನು ವೈಟ್‌ನ ಮಾಧ್ಯಮಕ್ಕೆ ಬೆರೆಸಿದರೆ ಕ್ಯಾಲಸ್ ನಾಲ್ಕೈದು ಪಟ್ಟು ಹೆಚ್ಚು ಬೆಳೆಯುತ್ತಿತ್ತು. ಇದರಲ್ಲೂ ಹೊಸ ಹಾರ್ಮೋನೊಂದು ಅಡಗಿದೆ ಎಂದು ಯಾರಿಗಾದರೂ ಅನ್ನಿಸುವ ಕಾಲ ಅದು. ಆದರೆ ಎಲೆಯನ್ನು ಸುಟ್ಟ ಬೂದಿಯೂ ಬೆಳವಣಿಗೆ ಹೆಚ್ಚಿಸಿತು! ಬೂದಿಯಲ್ಲಿ ಹಾರ್ಮೋನು ಉಳಿಯುವ ಮಾತೇ ಇಲ್ಲ, ಅಲ್ಲಿರುವುದು ಖನಿಜ. ಅಂದರೆ ವೈಟ್‌ನ ಮಾಧ್ಯಮದಲ್ಲಿ ಉಪ್ಪುಗಳೇ ಸಾಲದಾಗಿದ್ದವು. ನಿಧಾನಕ್ಕೆ ಬೆಳೆಯುವ ಬೇರಿಗೆ ಸಾಕಾಗುತ್ತಿದ್ದುದು ದಿನದಿನಕ್ಕೂ ಹಿಗ್ಗುವ ಕ್ಯಾಲಸ್ಸಿಗೆ ಸಾಕಾಗುತ್ತಿರಲಿಲ್ಲ. ಬೇರೆಯವರಾಗಿದ್ದರೆ ಅದನ್ನು ಬದಿಗಿಟ್ಟು ಹಾರ್ಮೋನನ್ನೇ ಹುಡುಕುತ್ತಿದ್ದರೇನೋ. ಮುರಾಶಿಗೆ ಉಪ್ಪುಗಳ ಕಡೆ ತಿರುಗಿ, ಒಂದೊಂದನ್ನೂ ಏರಿಸಿ ಇಳಿಸಿ, ಕ್ಯಾಲಸ್ ತೂಗಿ, ಸರಿಯಾದ ಪ್ರಮಾಣ ಗೊತ್ತುಮಾಡಿದ. 1962ರಲ್ಲಿ ಇಬ್ಬರ ಹೆಸರಿನಲ್ಲಿ ಪ್ರಕಟವಾದ ಆ ಪ್ರಬಂಧ ಸಸ್ಯವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡವುಗಳಲ್ಲಿ ಒಂದು. ಅದರ ಮಾಧ್ಯಮವನ್ನು ಜಗತ್ತಿನ ಎಲ್ಲ ಪ್ರಯೋಗಾಲಯಗಳಲ್ಲೂ ಎಂಎಸ್ ಎಂದೇ ಕರೆಯುತ್ತಾರೆ.

ಎಂಎಸ್‌ನಲ್ಲಿ ಲೀಟರಿಗೆ 1,650 ಮಿಲಿಗ್ರಾಂ ಅಮೋನಿಯಂ ನೈಟ್ರೇಟ್, 1,900 ಮಿಲಿಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಇವೆ. ಒಟ್ಟು ಸಾರಜನಕ ವೈಟ್‌ನ ಮಾಧ್ಯಮದ ಹದಿನೈದು ಪಟ್ಟಿಗೂ ಹೆಚ್ಚು. ಸಾರಜನಕವನ್ನು ಎರಡು ರೂಪದಲ್ಲಿ ಕೊಡುವುದರಲ್ಲೂ ಜಾಣ್ಮೆ ಇದೆ. ಕೋಶ ಅಮೋನಿಯಂ ಹೀರಿದಾಗ ಸುತ್ತಲಿನ ಮಾಧ್ಯಮ ಹುಳಿಯಾಗುತ್ತದೆ, ನೈಟ್ರೇಟ್ ಹೀರಿದಾಗ ಆ ಹುಳಿ ತಗ್ಗುತ್ತದೆ. ಎರಡೂ ಜೊತೆಗಿದ್ದರೆ ರಸಸಾರ ಒಂದು ಮಿತಿಯಲ್ಲಿ ನಿಲ್ಲುತ್ತದೆ. ಸೂಕ್ಷ್ಮ ಪೋಷಕಗಳ ಅಳತೆ ಇನ್ನೊಂದು ತುದಿಗೆ ಒಯ್ಯುತ್ತದೆ: ತಾಮ್ರದ ಸಲ್ಫೇಟ್ ಲೀಟರಿಗೆ 0.025 ಮಿಲಿಗ್ರಾಂ. ಒಂದು ಗ್ರಾಂ ಮೈಲುತುತ್ತ 40,000 ಲೀಟರ್ ಮಾಧ್ಯಮಕ್ಕೆ ಸಾಕು. ಸಾಮಾನ್ಯ ತಕ್ಕಡಿಯಲ್ಲಿ ಇಷ್ಟನ್ನು ತೂಗಲಾಗದ್ದರಿಂದ ನೂರಾರು ಪಟ್ಟು ಗಟ್ಟಿಯಾದ ಮೂಲದ್ರಾವಣ ಮಾಡಿ, ಅದರಿಂದ ಒಂದೊಂದು ಮಿಲಿಲೀಟರ್ ತೆಗೆದು ಬೆರೆಸುತ್ತಾರೆ.

ಈ ಮೂಲದ್ರಾವಣಗಳ ಕೆಲಸವನ್ನು ಹತ್ತಿರದಿಂದ ನೋಡಬೇಕು. ಕಲಿಯಲು ಬಂದ ವಿದ್ಯಾರ್ಥಿ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಸಲ್ಫೇಟ್, ಫಾಸ್ಫೇಟ್ ಎಲ್ಲವನ್ನೂ ಒಂದೇ ಬಾಟಲಿಗೆ ಸುರಿದರೆ ಕಣ್ಣೆದುರಿಗೇ ದ್ರಾವಣ ಹಾಲಿನಂತೆ ಬೆಳ್ಳಗಾಗಿ ತಳದಲ್ಲಿ ಗಸಿ ಕೂರುತ್ತದೆ. ಗಟ್ಟಿಯಾಗಿದ್ದಾಗ ಕ್ಯಾಲ್ಸಿಯಂ ಸಲ್ಫೇಟಿನೊಡನೆ ಸೇರಿ ಜಿಪ್ಸಂ ಆಗುತ್ತದೆ, ಫಾಸ್ಫೇಟಿನೊಡನೆ ಸೇರಿ ಕರಗದ ಇನ್ನೊಂದು ಲವಣವಾಗುತ್ತದೆ. ಅದಕ್ಕೇ ಕ್ಯಾಲ್ಸಿಯಂಗೆ ಪ್ರತ್ಯೇಕ ಬಾಟಲಿ. ಕಬ್ಬಿಣದ್ದು ಇನ್ನೂ ನಾಜೂಕು. ಸುಮ್ಮನೆ ಹಾಕಿದ ಕಬ್ಬಿಣ ಫಾಸ್ಫೇಟಿನೊಡನೆ ಸೇರಿ ತುಕ್ಕಿನ ಬಣ್ಣದ ಗಸಿಯಾಗಿ ಇಳಿದುಬಿಡುತ್ತದೆ, ಚಿಗುರಿನ ಎಲೆ ಹಳದಿಗೆ ತಿರುಗುತ್ತದೆ. ವೈಟ್‌ನ ಮಾಧ್ಯಮಕ್ಕೆ ಇದ್ದ ದೊಡ್ಡ ಕುಂದೂ ಇದೇ. ಎಂಎಸ್‌ನಲ್ಲಿ ಕಬ್ಬಿಣವನ್ನು ಇಡಿಟಿಎ ಎಂಬ ಅಣುವಿನ ಹಿಡಿತದಲ್ಲಿ ಇಟ್ಟಿದ್ದಾರೆ. ಅದು ಕಬ್ಬಿಣವನ್ನು ಗಸಿಯಾಗಲು ಬಿಡದೆ, ಕೋಶ ಕೇಳಿದಾಗ ಸ್ವಲ್ಪಸ್ವಲ್ಪವೇ ಬಿಟ್ಟುಕೊಡುತ್ತದೆ. ಬೆಳಕು ಬಿದ್ದರೆ ಕೆಡುವ ಈ ಹೊಂಬಣ್ಣದ ದ್ರಾವಣವನ್ನು ಕಂದು ಸೀಸೆಯಲ್ಲಿ ಕಾಪಾಡುತ್ತಾರೆ.

ಎಲ್ಲ ಬೆರೆಸಿದ ಮೇಲೆ ರಸಸಾರವನ್ನು 5.8ಕ್ಕೆ ತರಬೇಕು. ತೀರಾ ಹುಳಿಯಾದರೆ ಅಗರ್ ಹೆಪ್ಪುಗಟ್ಟುವುದಿಲ್ಲ, ಕ್ಷಾರವಾದರೆ ಕಬ್ಬಿಣ ಮತ್ತು ಫಾಸ್ಫೇಟ್ ಮತ್ತೆ ಗಸಿಯಾಗುತ್ತವೆ. ಅಗರ್ ಹಾಕಿ ಕಾಯಿಸಿ, ಬಾಟಲಿಗಳಿಗೆ ಹೊಯ್ದು, ಆಟೋಕ್ಲೇವಿನಲ್ಲಿ 121 ಡಿಗ್ರಿ ಸೆಲ್ಸಿಯಸ್ ಉಗಿಯಲ್ಲಿ 15–20 ನಿಮಿಷ ಇಡುತ್ತಾರೆ. ಸಕ್ಕರೆ ಇರುವ ಲೋಳೆ ಗಿಡಕ್ಕಿಂತ ಮೊದಲು ಬೂಸ್ಟಿಗೆ ಪ್ರಿಯ. ಒಂದು ಬೀಜಕ ಬದುಕುಳಿದರೂ ವಾರದೊಳಗೆ ಬಾಟಲಿ ತುಂಬ ಬಿಳಿ ಹತ್ತಿ. ಜಿಬ್ಬರೆಲಿಕ್ ಆಮ್ಲದಂಥ ಕೆಲವು ಹಾರ್ಮೋನುಗಳು ಈ ಕಾವಿಗೆ ಕೆಡುವುದರಿಂದ ಅವನ್ನು ಅತಿಸೂಕ್ಷ್ಮ ರಂಧ್ರದ ಜಾಲರಿಯಲ್ಲಿ ಸೋಸಿ ಆಮೇಲೆ ಸೇರಿಸುವುದು ವಾಡಿಕೆ. ಅಗರ್ ಮಣ್ಣಿನ ಜಾಗದಲ್ಲಿ ನಿಂತು ಚಿಗುರನ್ನು ನೆಟ್ಟಗೆ ಹಿಡಿಯುತ್ತದೆ, ಅಷ್ಟೇ ಅದರ ಹೊಣೆ. ಅಂಗಡಿಯಲ್ಲಿ ಚೀನಾ ಗ್ರಾಸ್ ಎಂದು ಮಾರುವುದೂ ಇದೇ ವಸ್ತು. ಮಾಧ್ಯಮದ ಖರ್ಚಿನಲ್ಲಿ ದೊಡ್ಡ ಪಾಲು ಶುದ್ಧ ಅಗರ್‌ನದು. ದೆಹಲಿ ವಿಶ್ವವಿದ್ಯಾಲಯದ ಬಬ್ಬರ್ ಮತ್ತು ಜೈನ್ 1998ರಲ್ಲಿ ಅದರ ಬದಲಿಗೆ ಇಸಬ್ಗೋಲ್ ಹೊಟ್ಟು ಬಳಸಿ ಗಿಡ ಬೆಳೆಸಿದರು.

ಒಂದು ಪಾಕ ಎಲ್ಲರಿಗೂ ಒಗ್ಗಿದ್ದರೆ ಈ ವಿದ್ಯೆ ಅಲ್ಲಿಗೇ ಮುಗಿಯುತ್ತಿತ್ತು. ಎಂಎಸ್ ಹುಟ್ಟಿದ್ದು ತಂಬಾಕಿಗಾಗಿ, ತಂಬಾಕು ಹೊಟ್ಟೆಬಾಕ ಗಿಡ. ಅಷ್ಟು ಅಮೋನಿಯಂ ಅನೇಕ ಮರಗಳಿಗೆ ವಿಷವಾಗುತ್ತದೆ. ಕಾಲ್ಮಿಯ ಎಂಬ ಅಮೆರಿಕದ ಬೆಟ್ಟದ ಪೊದೆಗಾಗಿ ಲಾಯ್ಡ್ ಮತ್ತು ಮೆಕೌನ್ 1980ರಲ್ಲಿ ಲವಣ ತಗ್ಗಿಸಿದ ಮಾಧ್ಯಮ ಮಾಡಿದರು, ಮರಜಾತಿಗಳಿಗೆ ಈಗಲೂ ಅದೇ ಮೊದಲ ಆಯ್ಕೆ. ಸೋಯಾಬೀನ್ ಕೋಶಗಳಿಗಾಗಿ ಗ್ಯಾಂಬೋರ್ಗ್ 1968ರಲ್ಲಿ ಬಿ5 ಕೊಟ್ಟ. ಭತ್ತದ ಪರಾಗಕೋಶಗಳಿಗಾಗಿ ಚೀನಾದಲ್ಲಿ 1975ರಲ್ಲಿ ಎನ್6 ಬಂತು. ಪರಾಗಕೋಶವನ್ನು ಬಾಟಲಿಯಲ್ಲಿ ಬೆಳೆಸಿ ಒಂಟಿ ವರ್ಣತಂತು ಗುಚ್ಛದ ಗಿಡ ಪಡೆಯುವ ದಾರಿ ತೆರೆದದ್ದು ಮಾತ್ರ ನಮ್ಮ ದೇಶ. ದೆಹಲಿಯಲ್ಲಿ ಸಿಪ್ರಾ ಗುಹಾ ಮತ್ತು ಸತೀಶ್ ಮಹೇಶ್ವರಿ 1964ರಲ್ಲಿ, ಮತ್ತೆ ಅದೇ ದತ್ತೂರದ ಕುಲದಲ್ಲಿ, ಪರಾಗದಿಂದ ಭ್ರೂಣಗಳನ್ನು ಪಡೆದರು.

ಮಾಧ್ಯಮ ಗಿಡದ ವಯಸ್ಸನ್ನೇ ಮರೆಸಿದ ಒಂದು ಪ್ರಸಂಗ ಪುಣೆಯಲ್ಲಿ ನಡೆಯಿತು. ನಮ್ಮ ಕಾಡುಗಳ ಹೆಬ್ಬಿದಿರು ಹೂ ಬಿಡುವುದು 40–45 ವರ್ಷಕ್ಕೊಮ್ಮೆ. ಹೂ ಬಿಟ್ಟು ಬಿದಿರಕ್ಕಿ ಉದುರಿಸಿ ಸಾಯುತ್ತದೆ. ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ರಜನಿ ನಾಡಗೌಡ, ಪಾರಶರಾಮಿ ಮತ್ತು ಮಸ್ಕರೇನಸ್ ಎಳನೀರು ಮತ್ತು ಸೈಟೊಕೈನಿನ್ ಬೆರೆಸಿದ ಮಾಧ್ಯಮದಲ್ಲಿ ಬಿದಿರಿನ ಎಳೆ ಸಸಿಗಳನ್ನು ಬೆಳೆಸುತ್ತಿದ್ದಾಗ ಅವು ಬಾಟಲಿಯಲ್ಲೇ, ತಿಂಗಳುಗಳ ಲೆಕ್ಕದಲ್ಲಿ, ಹೂ ಬಿಟ್ಟು ಬೀಜ ಕಟ್ಟಿದವು. 1990ರಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು.

ಈಗ ಮತ್ತೆ ಬಾಳೆಗೆ ಬರೋಣ. ಚಿಗುರಿನ ತುದಿಯನ್ನು ಸೈಟೊಕೈನಿನ್ ಹೆಚ್ಚಿರುವ ಎಂಎಸ್ ಮೇಲಿಟ್ಟರೆ ಒಂದು ಚಿಗುರು ಹಲವಾಗುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಬಿಡಿಸಿ ಹೊಸ ಮಾಧ್ಯಮಕ್ಕೆ ಹಾಕುತ್ತಾರೆ. ಕೊನೆಯ ಸುತ್ತಿನಲ್ಲಿ ಸೈಟೊಕೈನಿನ್ ಬಿಟ್ಟು ಆಕ್ಸಿನ್ ಕೊಟ್ಟರೆ ಬೇರು ಬರುತ್ತದೆ, ಸ್ಕೂಗ್ ಮತ್ತು ಮಿಲ್ಲರ್ ಕಂಡ ಹಾಗೆಯೇ. ಅಪಾಯವೂ ಇಲ್ಲೇ ಇದೆ. ಬೇಡಿಕೆ ಹೆಚ್ಚಿದಾಗ ಸೈಟೊಕೈನಿನ್ ಏರಿಸುವ, ಸುತ್ತುಗಳನ್ನು ಬೆಳೆಸುತ್ತ ಹೋಗುವ ಆಸೆ ಹುಟ್ಟುತ್ತದೆ. ಸುತ್ತು ಹೆಚ್ಚಿದಷ್ಟೂ ತಳಿಯಲ್ಲಿ ವ್ಯತ್ಯಾಸ ಹೆಚ್ಚುತ್ತದೆ. ಕುಳ್ಳಗೆ ಉಳಿಯುವ, ಎಲೆ ಚುಕ್ಕೆಯಾಗುವ ಗಿಡಗಳು ತೋಟದಲ್ಲಿ ಕಾಣಿಸಿಕೊಳ್ಳುತ್ತವೆ. ಬಾಟಲಿಯಲ್ಲಿ ಅವನ್ನು ಗುರುತಿಸುವುದು ಕಷ್ಟ. ತಾಯಿಗಿಡದಲ್ಲಿ ಬಂಚಿಟಾಪ್ ನಂಜು ಇದ್ದರೆ ಮಾಧ್ಯಮ ಅದನ್ನು ಕೊಲ್ಲುವುದಿಲ್ಲ, ಚಿಗುರಿನೊಡನೆ ನಂಜೂ ಹೆಚ್ಚುತ್ತದೆ. ಎಷ್ಟನೆಯ ಸುತ್ತಿನ ಸಸಿ, ತಾಯಿಗಿಡಕ್ಕೆ ನಂಜಿನ ಪರೀಕ್ಷೆ ಆಗಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಪ್ರತಿ ರೈತರೂ ಕೇಳಬೇಕು, ಸಸಿ ಮಾರುವವರು ಬರವಣಿಗೆಯಲ್ಲಿ ಉತ್ತರ ಕೊಡಬೇಕು. ಒಂದು ಎಕರೆ ಬಾಳೆಗೆ ಹಾಕುವ ದುಡ್ಡು ಮತ್ತು ಒಂದು ವರ್ಷದ ದುಡಿಮೆ ಆ ಉತ್ತರದ ಮೇಲೆ ನಿಂತಿದೆ.

ಎಲ್ಲರ ಮಾಧ್ಯಮಕ್ಕೂ ನೀರು ಕೊಟ್ಟ ತೆಂಗು ತಾನು ಮಾತ್ರ ಬಾಟಲಿಗೆ ಒಗ್ಗಿಲ್ಲ. ತೆಂಗಿಗೆ ಬಾಳೆಯಂತೆ ಕಂದು ಇಲ್ಲ, ಬೆಳೆಯುವ ತುದಿ ಒಂದೇ. ಒಳ್ಳೆಯ ಮರದ ಪಡಿಯಚ್ಚು ಬೇಕಾದರೆ ಅಂಗಾಂಶ ಕೃಷಿಯೇ ದಾರಿ. ಅದರ ತುಣುಕುಗಳು ಕಪ್ಪಾಗುತ್ತವೆ, ಒಗರು ಹೀರಲು ಹಾಕಿದ ಇದ್ದಿಲಿನ ಪುಡಿ ಹಾರ್ಮೋನನ್ನೂ ಹೀರಿಬಿಡುತ್ತದೆ, ಆದ್ದರಿಂದ ಹಾರ್ಮೋನನ್ನು ಅನೇಕ ಪಟ್ಟು ಸುರಿಯಬೇಕಾಗುತ್ತದೆ. ಯೂವೆನ್ಸ್ 1976ರಲ್ಲಿ ತೆಂಗಿಗೆಂದೇ ವೈ3 ಎಂಬ ಮಾಧ್ಯಮ ರೂಪಿಸಿದ. ಆದರೂ ಬಾಳೆಯಂತೆ ಲಕ್ಷಗಟ್ಟಲೆ ಸಸಿ ತೆಗೆಯುವ ಹಂತ ಸುಲಭಕ್ಕೆ ದಕ್ಕಿಲ್ಲ. ಸಲೀಸಾಗಿ ಬೆಳೆಯುವುದು ಬೀಜದೊಳಗೆ ಸಿದ್ಧವಾಗಿರುವ ಭ್ರೂಣ. ಫಿಲಿಪೈನ್ಸ್‌ನ ಮಕಪುನೊ ತೆಂಗಿನಲ್ಲಿ ಒಳಗಿನ ತಿರುಳು ಮೆತ್ತನೆ ಮುದ್ದೆಯಾಗಿರುತ್ತದೆ, ಭ್ರೂಣಕ್ಕೆ ಅದರಿಂದ ಆಹಾರ ದಕ್ಕುವುದಿಲ್ಲ, ಕಾಯಿ ಮೊಳೆಯುವುದಿಲ್ಲ. ಲಾಸ್ ಬಾನ್ಯೋಸ್‌ನ ಎಮೆರಿತಾ ದೆ ಗುಸ್ಮಾನ್ 1960ರ ದಶಕದಲ್ಲಿ ಆ ಭ್ರೂಣವನ್ನು ತೆಗೆದು ಮಾಧ್ಯಮದ ಮೇಲೆ ಬೆಳೆಸಿ, ಗಿಡ ಮಾಡಿದಳು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹಿಂದೂ ಮಹಾಸಾಗರದ ದ್ವೀಪಗಳಿಂದ ತೆಂಗಿನ ತಳಿಗಳನ್ನು ತರುವಾಗ ಕಾಯಿಗಳ ಬದಲು ಭ್ರೂಣಗಳನ್ನೇ ತಂದಿತು. ಕಾಯಿ ಒಡೆದು, ಕಣ್ಣಿನ ಕೆಳಗಿನ ತಿರುಳನ್ನು ಬಿರಡೆ ಕೊರೆಯುವ ಕೊಳವೆಯಿಂದ ಭ್ರೂಣದ ಸಮೇತ ಕೊರೆದು ತೆಗೆದರೆ ಒಂದು ಕಾಯಿಯ ಜಾಗದಲ್ಲಿ ಹತ್ತಾರು ತಳಿ ಬರುತ್ತವೆ, ಕಾಯಿಯೊಡನೆ ಬರಬಹುದಾದ ಕೀಟವೂ ತಪ್ಪುತ್ತದೆ.

ಅಡಿಕೆಯೂ ಒಂಟಿ ತುದಿಯ ಮರವೇ. ಸುಳ್ಯ, ಸಂಪಾಜೆಯ ಕಡೆ ಹಳದಿ ಎಲೆ ರೋಗ ತೋಟಕ್ಕೆ ತೋಟವನ್ನೇ ತಿಂದಿದೆ, ಮದ್ದು ಸಿಕ್ಕಿಲ್ಲ. ಆದರೆ ರೋಗ ಹೊಕ್ಕ ತೋಟಗಳಲ್ಲೂ ಅಲ್ಲೊಂದು ಇಲ್ಲೊಂದು ಮರ ವರ್ಷಗಟ್ಟಲೆ ಹಸಿರಾಗಿ ನಿಂತಿರುತ್ತದೆ. ಅಂಥ ಮರಗಳನ್ನು ಗುರುತಿಸಿ, ಹಾಳೆ ಬಿಚ್ಚುವ ಮೊದಲಿನ ಎಳೆ ಹಿಂಗಾರ ತೆಗೆದು ಅಂಗಾಂಶ ಕೃಷಿಯಿಂದ ಪಡಿಯಚ್ಚು ಮಾಡುವ ಕೆಲಸ ಕಾಸರಗೋಡಿನ ಸಂಸ್ಥೆಯದು. ಮೊದಲು ಆಕ್ಸಿನ್ ಹೆಚ್ಚಿರುವ ಎಂಎಸ್ ಮೇಲೆ ಕ್ಯಾಲಸ್, ಸುತ್ತಿನಿಂದ ಸುತ್ತಿಗೆ ಆಕ್ಸಿನ್ ಇಳಿಸಿದ ಮೇಲೆ ಭ್ರೂಣ, ಆಮೇಲೆ ಸೈಟೊಕೈನಿನ್ ಕೊಟ್ಟು ಮೊಳಕೆ. ಪದಾರ್ಥಗಳೆಲ್ಲ ಈ ಅಧ್ಯಾಯದಲ್ಲಿ ಬಂದವೇ. ಯಾವುದು ಎಷ್ಟು, ಯಾವಾಗ ಎಂಬುದನ್ನು ಮಾತ್ರ ಅಡಿಕೆಗಾಗಿ ಹೊಸದಾಗಿ ಹುಡುಕಬೇಕು. ಹಿಂಗಾರದ ತುಣುಕು ಸಸಿಯಾಗಿ ಹೊರಬರಲು ಬಾಳೆಗಿಂತ ಎಷ್ಟೋ ಹೆಚ್ಚು ಕಾಲ ಹಿಡಿಯುತ್ತದೆ, ಹೊರಬಂದ ಸಸಿ ರೋಗವನ್ನು ನಿಜವಾಗಿ ತಡೆಯುತ್ತದೆಯೇ ಎಂಬುದನ್ನು ಅದೇ ರೋಗದ ನೆಲದಲ್ಲಿ ನೆಟ್ಟು, ಫಸಲಿನವರೆಗೆ ಬೆಳೆಸಿ ನೋಡಬೇಕು.